ಚಿತ್ರ ನೋಡಿ ಹೂನೊಣ ಗುರುತಿಸುವಾಗ ಹೆಸರು ತಪ್ಪುವುದೆಲ್ಲಿ? ಒಂದು ದೋಷ ನಿವಾರಣೆ ಕೈಪಿಡಿ

ಹೋವರ್‌ಫ್ಲೈ ಎಂದು ಕರೆಯುವ ಹೂನೊಣಗಳು ಸಿರ್ಫಿಡೇ ಕುಟುಂಬಕ್ಕೆ ಸೇರಿದವು. ಜಗತ್ತಿನಾದ್ಯಂತ ಇವುಗಳ ಸುಮಾರು 6,000 ಪ್ರಭೇದಗಳನ್ನು ಈವರೆಗೆ ಹೆಸರಿಸಲಾಗಿದೆ. ಹಗಲು ಹೊತ್ತಿನಲ್ಲಿ ಹೂವಿನ ಮೇಲೆ ಕೂರುತ್ತವೆ, ಬಣ್ಣ ಎದ್ದು ಕಾಣುತ್ತದೆ, ಕ್ಯಾಮೆರಾ ಹತ್ತಿರ ಒಯ್ದರೂ ಎಷ್ಟೋ ಸಲ ಹಾರಿಹೋಗುವುದಿಲ್ಲ. ಹೀಗಾಗಿ ಹವ್ಯಾಸಿ ನಿಸರ್ಗವೀಕ್ಷಕರ ಸಂಗ್ರಹದಲ್ಲಿ ಇವುಗಳ ಚಿತ್ರಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ನಿಲ್ಲುವ ಹೆಸರುಗಳಿಗೆ. ಇಂದು ಇಟ್ಟ ಹೆಸರನ್ನು ನಾಳೆ ಬೇರೊಬ್ಬರು ತಿದ್ದುತ್ತಾರೆ, ಅದೇ ಕೀಟ ಮತ್ತೊಮ್ಮೆ ಸಿಕ್ಕಾಗ ಗುರುತಿಸುವ ಕೈಪಿಡಿಯ (ಒಂದೊಂದೇ ಪ್ರಶ್ನೆ ಕೇಳಿ, ನಾವು ಕೊಡುವ ಉತ್ತರದಂತೆ ಹೆಸರಿನತ್ತ ಕರೆದೊಯ್ಯುವ ಪುಸ್ತಕದ) ಇನ್ನೊಂದು ಪುಟವೇ ಸರಿಯೆನಿಸುತ್ತದೆ.

ದೋಷ ಅಡಗಿರಬಹುದಾದ ಜಾಗಗಳು ನಾಲ್ಕು: ಚಿತ್ರ, ಕೀಟ, ಕೈಪಿಡಿ ಮತ್ತು ಕೈಪಿಡಿಯನ್ನು ನಾವು ಬಳಸುವ ಕ್ರಮ. ಕೊನೆಯದೇ ಹೆಚ್ಚು ಸಲ ಕೈಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಇಡೀ ಕೀಟದ ಬಣ್ಣವನ್ನು ಕೈಪಿಡಿಯ ಬಣ್ಣದ ಚಿತ್ರಗಳ ಪಕ್ಕದಲ್ಲಿಟ್ಟು, ಯಾವುದು ಹೆಚ್ಚು ಹೋಲುತ್ತದೋ ಅದರ ಹೆಸರನ್ನು ಬರೆದುಬಿಡುವ ರೂಢಿ ಹಕ್ಕಿಗಳ ವಿಷಯದಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ, ಹೂನೊಣಗಳಲ್ಲಿ ನಡೆಯುವುದಿಲ್ಲ; ಏಕೆಂದರೆ ಇಲ್ಲಿ ದೂರದ ಸಂಬಂಧಿಗಳು ಒಂದೇ ಕಣಜವನ್ನು ಅನುಕರಿಸಿ ಪರಸ್ಪರ ಹೋಲುತ್ತವೆ, ಒಂದೇ ಪ್ರಭೇದದ ಎರಡು ಕೀಟಗಳು ಹೋಲದೆಯೂ ಇರುತ್ತವೆ. ಕೆಳಗಿನ ಭಾಗಗಳು ಸುಲಭದ, ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭವಾಗಿ ಕಷ್ಟದವುಗಳ ಕಡೆಗೆ ಸಾಗುತ್ತವೆ. ಆದ್ದರಿಂದ ಮೇಲಿನಿಂದಲೇ ನೋಡುತ್ತ ಬರುವುದು ಒಳ್ಳೆಯದು.

ಲಕ್ಷಣ: "ಇದು ಹೂನೊಣವೇ ಅಲ್ಲ" ಎಂಬ ಉತ್ತರ ಬರುತ್ತದೆ

ಮೊದಲು ರೆಕ್ಕೆ ಎಣಿಸಿ. ನೊಣಗಳಿಗೆ ಎರಡೇ ರೆಕ್ಕೆ. ಹಿಂದಿನ ಜೋಡಿಯ ಜಾಗದಲ್ಲಿ ಗುಂಡುಸೂಜಿಯ ತಲೆಯಂಥ ಎರಡು ಪುಟ್ಟ ಅಂಗಗಳಿರುತ್ತವೆ. ಜೇನು ಮತ್ತು ಕಣಜಗಳಿಗೆ ನಾಲ್ಕು ರೆಕ್ಕೆಗಳಿದ್ದರೂ ಮುಂದಿನದು ಹಿಂದಿನದಕ್ಕೆ ಕೊಕ್ಕೆಗಳಿಂದ ಕೂಡಿಕೊಂಡಿರುವುದರಿಂದ ಚಿತ್ರದಲ್ಲಿ ಎರಡರಂತೆಯೇ ಕಾಣಬಹುದು. ಎಣಿಕೆ ಸಾಧ್ಯವಾಗದಿದ್ದರೆ ಕುಡಿಮೀಸೆ ನೋಡಿ. ಕಣಜದ ಕುಡಿಮೀಸೆ ಉದ್ದವಾಗಿ, ಹನ್ನೆರಡು ಅಥವಾ ಹದಿಮೂರು ಗಿಣ್ಣುಗಳಿಂದ ಕೂಡಿರುತ್ತದೆ. ಹೆಚ್ಚಿನ ಹೂನೊಣಗಳಲ್ಲಿ ಅದು ಮೋಟಾಗಿದ್ದು, ಮೂರೇ ಗಿಣ್ಣುಗಳಿದ್ದು, ಮೂರನೆಯದರ ಮೇಲೆ ಒಂದು ಕೂದಲೆಳೆ ನಿಂತಿರುತ್ತದೆ. ಕ್ರೈಸೊಟಾಕ್ಸಮ್‌ನಂಥ ಕೆಲವು ಕುಲಗಳಲ್ಲಿ (ಕುಲವೆಂದರೆ ಹತ್ತಿರದ ಪ್ರಭೇದಗಳ ಗುಂಪು) ಕುಡಿಮೀಸೆ ಉದ್ದವಾಗಿ ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ಉದ್ದವಿದೆ ಎಂಬ ಒಂದೇ ಕಾರಣಕ್ಕೆ ಕಣಜವೆಂದು ತೀರ್ಮಾನಿಸಬಾರದು.

ನೊಣವೆಂಬುದು ಖಚಿತವಾದ ಮೇಲೆ ಉಳಿಯುವ ಪ್ರಶ್ನೆ, ಅದು ಯಾವ ಕುಟುಂಬದ ನೊಣ ಎಂಬುದು. ಇದಕ್ಕೆ ರೆಕ್ಕೆಯಷ್ಟು ನಂಬಿಕೆಯ ಸಾಕ್ಷಿ ಬೇರೆಯಿಲ್ಲ. ರೆಕ್ಕೆ ಸ್ವಲ್ಪ ಬಿಚ್ಚಿಕೊಂಡಿರುವ ಚಿತ್ರವನ್ನು ಆರಿಸಿ ಪರದೆಯ ತುಂಬ ಹಿಗ್ಗಿಸಿ ನೋಡಿ. ನಡುಭಾಗದಲ್ಲಿ ಉದ್ದಕ್ಕೆ ಸಾಗುವ ಎರಡು ನಾಳಗಳ ನಡುವೆ, ಯಾವ ತುದಿಯಲ್ಲೂ ಇನ್ನೊಂದು ನಾಳಕ್ಕೆ ಕೂಡದ ಒಂದು ಮಸುಕು ಗೆರೆ, ಅಡ್ಡನಾಳವೊಂದನ್ನು ದಾಟಿಕೊಂಡು ಹೋಗುವುದು ಕಾಣಬೇಕು. ಅದು ನಿಜವಾದ ನಾಳವಲ್ಲ, ರೆಕ್ಕೆಯ ಪೊರೆಯೇ ದಪ್ಪಗಾಗಿ ಉಂಟಾದ ಹುಸಿನಾಳ. ಬೆಳಕು ಹಿಂದಿನಿಂದ ಬಿದ್ದಾಗ ಅದು ಚೆನ್ನಾಗಿ ಮೂಡುತ್ತದೆ, ಮುಂದಿನಿಂದ ಫ್ಲಾಶ್ ಹೊಡೆದರೆ ರೆಕ್ಕೆಯ ಹೊಳಪಿನಲ್ಲಿ ಮುಳುಗಿಹೋಗುತ್ತದೆ. ಇನ್ನೊಂದು ಗುರುತು ರೆಕ್ಕೆಯ ಹಿಂಬದಿಯಲ್ಲಿದೆ: ಹೊರಗಿನ ನಾಳಗಳು ಅಂಚನ್ನು ಮುಟ್ಟದೆ, ಅಂಚಿಗೆ ಸಮಾನಾಂತರವಾಗಿ ತಿರುಗಿ, ಒಳಗೊಂದು ಎರಡನೆಯ ಅಂಚು ಇದೆಯೇನೋ ಎಂಬಂತೆ ತೋರುತ್ತವೆ. ಹುಸಿನಾಳ ಮತ್ತು ಈ ಒಳ ಅಂಚು ಎರಡೂ ಇದ್ದರೆ ಕುಟುಂಬದ ಬಗ್ಗೆ ಸಂಶಯ ಬೇಡ. ಹುಸಿನಾಳ ತೀರ ಮಸುಕಾಗಿರುವ ಕೆಲವೇ ಕುಲಗಳಿವೆ.

ಈ ಗುರುತುಗಳಿಲ್ಲದಿದ್ದರೆ ನೆರೆಯ ಕುಟುಂಬಗಳತ್ತ ತಿರುಗಬೇಕು. ಹೊಟ್ಟೆಯ ಮೇಲೆ ದಪ್ಪ ಬಿರುಗೂದಲುಗಳಿದ್ದರೆ ಟಕಿನಿಡ್ ನೊಣ, ಕೂತಾಗ ರೆಕ್ಕೆ ಅಗಲಿಸಿ ಉದ್ದ ಸೊಂಡಿಲನ್ನು ನೇರ ಮುಂದಕ್ಕೆ ಚಾಚಿದ್ದರೆ ಬಾಂಬಿಲಿಡ್, ತೆಳುಸೊಂಟದ ಕಣಜದಂತಿದ್ದು ತಲೆ ದಪ್ಪವಾಗಿದ್ದರೆ ಕಾನೊಪಿಡ್ ಇರಬಹುದು. ಬಾಂಬಿಲಿಡ್‌ಗಳೂ ಗಾಳಿಯಲ್ಲಿ ನಿಂತು ಹಾರಬಲ್ಲವು, ಆದ್ದರಿಂದ ಹಾರುವ ರೀತಿ ಮಾತ್ರ ಸಾಕ್ಷಿಯಾಗದು.

ಎಚ್ಚರಿಕೆ: ಹೂನೊಣಗಳು ಕಚ್ಚುವುದಿಲ್ಲ, ಕುಟುಕುವುದಿಲ್ಲ, ಅವು ಅನುಕರಿಸುವ ಕೀಟಗಳು ಕುಟುಕುತ್ತವೆ. ಗುರುತು ಖಚಿತವಾಗುವ ಮುನ್ನ ಯಾವ ಕೀಟವನ್ನೂ ಬೆರಳಿನಿಂದ ಹಿಡಿಯಬೇಡಿ. ಕುಟುಕಿದ ನಂತರ ಉಸಿರಾಟ ಕಷ್ಟವಾದರೆ, ಮುಖ ಅಥವಾ ಗಂಟಲು ಊದಿಕೊಂಡರೆ, ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಲಕ್ಷಣ: ಚಿತ್ರ ಚೆನ್ನಾಗಿದೆ, ಆದರೆ ಕೈಪಿಡಿ ಕೇಳುವ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ಮೇಲಿನಿಂದ ತೆಗೆದ ಒಂದು ಸುಂದರ ಚಿತ್ರದಲ್ಲಿ ಹೊಟ್ಟೆಯ ಪಟ್ಟೆಗಳು ಚೊಕ್ಕವಾಗಿ ಬಂದಿರುತ್ತವೆ. ಕೈಪಿಡಿ ಮಾತ್ರ ಮುಖದ ಉಬ್ಬಿನ ಆಕಾರ, ಹಿಂಗಾಲಿನ ತೊಡೆಯ ಬಣ್ಣ, ಕಣ್ಣಿನ ಮೇಲಿನ ಕೂದಲು ಕೇಳುತ್ತದೆ. ಆಗ ಉತ್ತರವನ್ನು ಊಹಿಸಿ ಮುಂದೆ ಸಾಗುವುದೇ ದೋಷದ ಬೀಜ.

ಚಿತ್ರ ತೆಗೆಯುವ ಹೊತ್ತಿಗೇ ಸರಿಪಡಿಸಬಹುದಾದ ದೋಷವಿದು. ಕೀಟ ಹಾರಿಹೋಗದಿರಲೆಂದು ಮೊದಲು ದೂರದಿಂದ ಒಂದು ಚಿತ್ರ ತೆಗೆದುಕೊಳ್ಳಿ. ನಂತರ ಮೇಲಿನಿಂದ ಒಂದು, ಕಾಲುಗಳು ಕಾಣುವಂತೆ ಪಕ್ಕದಿಂದ ಒಂದು, ಮುಖಕ್ಕೆ ಎದುರಾಗಿ ಒಂದು, ಅವಕಾಶ ಸಿಕ್ಕರೆ ರೆಕ್ಕೆ ಬಿಚ್ಚಿದಾಗ ಇನ್ನೊಂದು. ಇವುಗಳಲ್ಲಿ ಪಕ್ಕದ ನೋಟವನ್ನೇ ಹವ್ಯಾಸಿಗಳು ಹೆಚ್ಚಾಗಿ ಬಿಡುತ್ತಾರೆ, ಕೈಪಿಡಿಗಳು ಹೆಚ್ಚಾಗಿ ಕೇಳುವುದೂ ಅದನ್ನೇ. ಹಿಂಗಾಲು ಕಂಡರೆ ತೊಡೆ ಊದಿಕೊಂಡ ಸಿರಿಟ್ಟಾ ಕೂಡಲೇ ತಿಳಿಯುತ್ತದೆ; ಇಸ್ಕಿಯೋಡಾನ್ ಕುಲದ ಗಂಡಿನಲ್ಲಿ ಹಿಂಗಾಲಿನ ಬುಡದ ಗಿಣ್ಣಿನಿಂದ ಹೊರಚಾಚಿದ ಕಡ್ಡಿಯಂಥ ಮುಳ್ಳು, ಪಕ್ಕದಿಂದಲೋ ಕೆಳಗಿನಿಂದಲೋ ನೋಡದೆ ಎಂದೂ ಕಾಣಸಿಗುವುದಿಲ್ಲ.

ಚಿತ್ರ ಮಸುಕಾಗಲು ಕೈ ನಡುಗುವುದಕ್ಕಿಂತ ಕೋನವೇ ಹೆಚ್ಚಾಗಿ ಕಾರಣ. ಮ್ಯಾಕ್ರೋ ಲೆನ್ಸಿನಲ್ಲಿ ಕೀಟವನ್ನು ನಿಜಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡಿಸುವಾಗ, ಎಫ್/8 ತೆರವಿನಲ್ಲಿ (ತೆರವು ಎಂದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ) ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಹತ್ತು ಮಿಲಿಮೀಟರ್ ಉದ್ದದ ನೊಣವನ್ನು ಓರೆಯಾಗಿ ಹಿಡಿದರೆ ಕಣ್ಣು ಸ್ಪಷ್ಟವಾಗಿ ಹೊಟ್ಟೆ ಮಸುಕಾಗುತ್ತದೆ, ಇಲ್ಲವೇ ತಿರುಗುಮುರುಗಾಗುತ್ತದೆ. ಕ್ಯಾಮೆರಾದ ಹಿಂಬದಿ ಕೀಟದ ಮೈಗೆ ಸಮಾನಾಂತರವಾಗಿದ್ದರೆ ಅದೇ ಒಂದು ಮಿಲಿಮೀಟರಿನಲ್ಲಿ ಎಷ್ಟೋ ವಿವರ ಹಿಡಿಯುತ್ತದೆ. ಆಳ ಹೆಚ್ಚಿಸಲು ತೆರವನ್ನು ಎಫ್/22ರವರೆಗೆ ಕಿರಿದಾಗಿಸುವುದರಿಂದ ಇಡೀ ಚಿತ್ರವೇ ಮೆದುವಾಗುತ್ತದೆ. ಮೊಬೈಲ್ ಬಳಸುವವರು ಡಿಜಿಟಲ್ ಜೂಮ್ ಬಿಟ್ಟು, ಸ್ವಲ್ಪ ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದು ಮೇಲು; ಮೊಬೈಲಿನ ತಂತ್ರಾಂಶ ಚಿತ್ರವನ್ನು ಚುರುಕುಗೊಳಿಸುವ ಭರದಲ್ಲಿ ಇಲ್ಲದ ಕೂದಲಿನ ಗೆರೆಗಳನ್ನೂ ಮೂಡಿಸಬಲ್ಲದು.

ಕೆಟ್ಟ ಚಿತ್ರಗಳನ್ನು ಅಳಿಸಬೇಡಿ. ನೋಡಲು ಚಂದವಿಲ್ಲದ, ಹಿಂಗಾಲು ಮಾತ್ರ ಸ್ಪಷ್ಟವಾಗಿರುವ ಚಿತ್ರವೊಂದು, ಗೋಡೆಗೆ ತೂಗುಹಾಕುವಂಥ ಚಿತ್ರಕ್ಕಿಂತ ಗುರುತಿಸುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಿಸಿಲಿನ ಎದುರು ಕೋನ ಹುಡುಕುವಾಗ ಕ್ಯಾಮೆರಾದ ಗಾಜಿನ ಕಿಂಡಿಯ ಮೂಲಕ ಸೂರ್ಯನನ್ನು ನೋಡದಂತೆ, ರಸ್ತೆಯ ಅಂಚಿನಲ್ಲಿ ಅಥವಾ ನೀರಿನ ದಡದಲ್ಲಿ ಹಿಂದಕ್ಕೆ ಹೆಜ್ಜೆಯಿಡುವ ಮುನ್ನ ಒಮ್ಮೆ ತಿರುಗಿ ನೋಡುವಂತೆ ಎಚ್ಚರ ಬೇಕು.

ಲಕ್ಷಣ: ಅರ್ಧ ಗುಣಗಳು ಒಂದು ಪ್ರಭೇದದವು, ಅರ್ಧ ಇನ್ನೊಂದರವು

ಗಂಡಿನ ವಿವರಣೆಯನ್ನು ಹೆಣ್ಣಿಗೆ ಹಚ್ಚಿದಾಗ ಹೀಗಾಗುತ್ತದೆ. ಬಹುಪಾಲು ಹೂನೊಣಗಳಲ್ಲಿ ಗಂಡಿನ ಕಣ್ಣುಗಳು ನೆತ್ತಿಯ ಮೇಲೆ ಒಂದನ್ನೊಂದು ಮುಟ್ಟುತ್ತವೆ, ಹೆಣ್ಣಿನ ಕಣ್ಣುಗಳ ನಡುವೆ ಹಣೆಯ ಪಟ್ಟಿ ಇರುತ್ತದೆ. ಪ್ರಭೇದದ ಹೆಸರಿಗೆ ಕೈಹಾಕುವ ಮುನ್ನ ಇದನ್ನು ನೋಡಿ ಬರೆದಿಟ್ಟುಕೊಳ್ಳುವ ರೂಢಿಯೊಂದರಿಂದಲೇ ಬಹಳಷ್ಟು ತೊಡಕು ಬಿಡಿಸಿಕೊಳ್ಳುತ್ತದೆ. ಹೆಲೋಫಿಲಸ್ ಕುಲದಲ್ಲಿ ಈ ಪರೀಕ್ಷೆ ಕೈಕೊಡುತ್ತದೆ, ಅಲ್ಲಿ ಗಂಡಿನ ಕಣ್ಣುಗಳೂ ಬೇರೆಬೇರೆಯಾಗಿಯೇ ಇರುತ್ತವೆ. ಆಗ ಹೊಟ್ಟೆಯ ತುದಿ ನೋಡಬೇಕು: ಗಂಡಿನದು ಉಬ್ಬಿ ಕೆಳಕ್ಕೆ ಮಡಚಿಕೊಂಡಿರುತ್ತದೆ, ಹೆಣ್ಣಿನದು ಚೂಪಾಗುತ್ತ ಹೋಗುತ್ತದೆ.

ಲಿಂಗ ತಿಳಿಯುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಸಿರ್ಫಸ್ ಕುಲದ ಒಂದು ಜೋಡಿಯನ್ನು ನೋಡೋಣ. ಸಿರ್ಫಸ್ ರಿಬೆಸೈ ಮತ್ತು ಸಿರ್ಫಸ್ ವಿಟ್ರಿಪೆನ್ನಿಸ್ ಎರಡಕ್ಕೂ ಕಪ್ಪು ಹೊಟ್ಟೆಯ ಮೇಲೆ ಹಳದಿ ಪಟ್ಟೆಗಳಿದ್ದು, ಮೇಲಿನಿಂದ ತೆಗೆದ ಚಿತ್ರದಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಹೆಣ್ಣಾದರೆ ಪಕ್ಕದ ಒಂದು ಚಿತ್ರ ಸಾಕು: ರಿಬೆಸೈ ಹೆಣ್ಣಿನ ಹಿಂದೊಡೆ ಪೂರ್ತಿ ಹಳದಿ, ವಿಟ್ರಿಪೆನ್ನಿಸ್ ಹೆಣ್ಣಿನದು ಬಹುಮಟ್ಟಿಗೆ ಕಪ್ಪು. ಗಂಡಿನಲ್ಲಿ ಎರಡರ ಹಿಂದೊಡೆಯೂ ಬಹುಮಟ್ಟಿಗೆ ಕಪ್ಪೇ. ಅಲ್ಲಿ ರೆಕ್ಕೆಯ ಬುಡದ ಎರಡನೆಯ ಕೋಶವನ್ನು (ಕೋಶವೆಂದರೆ ಇಲ್ಲಿ ನಾಳಗಳ ನಡುವಿನ ಅಂಕಣ) ಅತಿಸೂಕ್ಷ್ಮ ರೋಮ ಪೂರ್ತಿ ಮುಚ್ಚಿದೆಯೇ ಅಥವಾ ನಡುವೆ ಬೋಳು ಜಾಗವಿದೆಯೇ ಎಂದು ನೋಡಬೇಕಾಗುತ್ತದೆ. ಅದು ಸಾಮಾನ್ಯ ಚಿತ್ರಕ್ಕೆ ನಿಲುಕದ ಸಂಗತಿ. ಒಂದೇ ಗಿಡದ ಮೇಲೆ, ಒಂದೇ ಕ್ಯಾಮೆರಾದಿಂದ ತೆಗೆದ ಎರಡು ಚಿತ್ರಗಳಲ್ಲಿ ಒಂದಕ್ಕೆ ಪ್ರಭೇದದ ಹೆಸರು ಸಿಗುತ್ತದೆ, ಇನ್ನೊಂದು ಕುಲದಲ್ಲೇ ನಿಲ್ಲುತ್ತದೆ. ಇದು ಚಿತ್ರಕಾರರ ಸೋಲಲ್ಲ.

ಲಕ್ಷಣ: ರಚನೆ ಹೊಂದುತ್ತದೆ, ಬಣ್ಣ ಹೊಂದುವುದಿಲ್ಲ

ಕಾಲು, ಮುಖ, ರೆಕ್ಕೆಯ ನಾಳಗಳು ಎಲ್ಲವೂ ವಿವರಣೆಗೆ ಸರಿಹೊಂದಿ ಪಟ್ಟೆಯ ಅಗಲ ಮಾತ್ರ ಬೇರೆಯಾದರೆ ರಚನೆಯನ್ನೇ ನಂಬಿ. ಬಣ್ಣ ಬದಲಾಗಲು ಕಾರಣಗಳು ಹಲವು. ಎಪಿಸಿರ್ಫಸ್ ಬಾಲ್ಟಿಯೇಟಸ್ ಎಂಬ ಅತಿ ಸಾಮಾನ್ಯ ಹೂನೊಣದ ಹೊಟ್ಟೆಯ ಮೂರನೆಯ ಮತ್ತು ನಾಲ್ಕನೆಯ ಖಂಡಗಳಲ್ಲಿ ಒಂದು ದಪ್ಪ, ಒಂದು ಸಣ್ಣ ಹೀಗೆ ಜೋಡಿ ಕಪ್ಪು ಪಟ್ಟೆಗಳಿರುತ್ತವೆ. ಇಷ್ಟು ವಿಶಿಷ್ಟವಾದ ಗುರುತು ಈ ಕುಟುಂಬದಲ್ಲಿ ಅಪರೂಪ. ಆದರೂ ತಂಪಿನಲ್ಲಿ ಬೆಳೆದ ಕೀಟಗಳಲ್ಲಿ ಕಪ್ಪು ಹೆಚ್ಚಿ, ಹಳದಿ ಕಿರಿದಾಗುತ್ತದೆ. ಬಿಸಿಯಲ್ಲಿ ಬೆಳೆದವುಗಳಲ್ಲಿ ಕಪ್ಪು ಪಟ್ಟೆ ತೆಳುವಾಗುತ್ತದೆ. ಕೋಶಾವಸ್ಥೆಯ ತಾಪಮಾನ ನಿರ್ಧರಿಸುವ ಈ ವ್ಯತ್ಯಾಸ ಎರಿಸ್ಟಾಲಿಸ್ ಕುಲದಲ್ಲೂ ಕಾಣುತ್ತದೆ. ಹಾಗಾಗಿ ಋತುವಿನ ಮೊದಲಿಗೆ ಸಿಕ್ಕ ಕಪ್ಪು ನೊಣವನ್ನು ಹೊಸ ಪ್ರಭೇದವೆಂದು ಬಗೆಯುವ ಮುನ್ನ ಚಿತ್ರದ ತಾರೀಖನ್ನೊಮ್ಮೆ ನೋಡಬೇಕು.

ಆಗಷ್ಟೇ ಕೋಶದಿಂದ ಹೊರಬಂದ ಕೀಟ ಬಿಳಿಚಿಕೊಂಡಿರುತ್ತದೆ, ರೆಕ್ಕೆ ಇನ್ನೂ ಸುಕ್ಕಾಗಿರಬಹುದು. ವೊಲುಸೆಲ್ಲಾ ಬಾಂಬಿಲಾನ್ಸ್‌ನಂಥ ಪ್ರಭೇದದಲ್ಲಿ ಬೇರೆಬೇರೆ ಬಂಬಲ್‌ಬೀಗಳನ್ನು ಹೋಲುವ ಹಲವು ರೂಪಗಳೇ ಇವೆ. ಹುಲ್ಲಿನ ತುದಿಯಲ್ಲಿ ಅಲುಗಾಡದೆ ಅಂಟಿಕೊಂಡು, ರೆಕ್ಕೆ ಎತ್ತಿ, ಊದಿದ ಹೊಟ್ಟೆಯ ಖಂಡಗಳ ನಡುವೆ ಬಿಳಿ ಪಟ್ಟೆಗಳು ತೋರುತ್ತಿದ್ದರೆ ಅದು ಎಂಟೊಮಾಫ್ಥೋರಾ ಶಿಲೀಂಧ್ರಕ್ಕೆ ಬಲಿಯಾದ ಸತ್ತ ನೊಣ. ಆ ಪಟ್ಟೆಗಳಿಗೆ ಕೈಪಿಡಿಯಲ್ಲಿ ಹೆಸರು ಹುಡುಕಬೇಡಿ.

ಇನ್ನು ಬೆಳಕಿನ ಆಟ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವ್ಯವಸ್ಥೆ) ತಪ್ಪಿದರೆ ಬೂದು ಚುಕ್ಕೆ ಹಳದಿಯಾಗುತ್ತದೆ, ಪ್ಲಾಟಿಕೈರಸ್ ಕುಲದಲ್ಲಿ ಇಷ್ಟಕ್ಕೇ ಪ್ರಭೇದ ಬದಲಾಗುತ್ತದೆ. ಎದೆಯ ಮೇಲಿನ ಹುಡಿಯಂಥ ಲೇಪ ಒಂದು ಕೋನದಿಂದ ಪಟ್ಟೆಯಾಗಿ ಕಂಡು ಇನ್ನೊಂದು ಕೋನದಿಂದ ಮಾಯವಾಗುತ್ತದೆ. "ಹಿಂದಿನಿಂದ ನೋಡಿದಾಗ" ಎಂದು ಕೈಪಿಡಿ ಬರೆದಿದ್ದರೆ ಹಿಂದಿನಿಂದ ತೆಗೆದ ಚಿತ್ರವೇ ಬೇಕು. ಕಪ್ಪು ಕೂದಲು ಎದುರು ಬೆಳಕಿನಲ್ಲಿ ಹೊನ್ನಾಗಿ ಹೊಳೆಯುತ್ತದೆ, ಆದ್ದರಿಂದ ಕೂದಲಿನ ಬಣ್ಣವನ್ನು ಒಂದೇ ಚಿತ್ರದಿಂದ ತೀರ್ಮಾನಿಸುವುದು ಬೇಡ. ಮೈಮೇಲೆ ಅಂಟಿದ ಪರಾಗವನ್ನು ಹಳದಿ ಗುರುತೆಂದು ಓದಿದವರೂ ಉಂಟು.

ಲಕ್ಷಣ: ಕೈಪಿಡಿ ನಂಬಲಾಗದ ಹೆಸರಿಗೆ ತಂದು ನಿಲ್ಲಿಸುತ್ತದೆ

ಮೊದಲು ಮುನ್ನುಡಿ ಓದಿ. ಯಾವ ಪ್ರದೇಶಕ್ಕಾಗಿ ಬರೆದ ಕೈಪಿಡಿಯೋ ಅಲ್ಲಿನ ಪ್ರಭೇದಗಳನ್ನಷ್ಟೇ ಅದು ಬೇರ್ಪಡಿಸಬಲ್ಲದು. ಒಂದು ಖಂಡದ ಕೈಪಿಡಿಯನ್ನು ಇನ್ನೊಂದು ಖಂಡದಲ್ಲಿ ಬಳಸಿದರೆ "ನನ್ನಲ್ಲಿ ಇದಿಲ್ಲ" ಎಂದು ಅದು ಹೇಳುವುದಿಲ್ಲ, ಇರುವವುಗಳಲ್ಲಿ ಯಾವುದೋ ಒಂದಕ್ಕೆ ಕರೆದೊಯ್ಯುತ್ತದೆ. ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಏಷ್ಯಾದಲ್ಲಿ ಸರ್ವೇಸಾಮಾನ್ಯ. ಆ ಕುಲವೇ ಇಲ್ಲದ ಪುಸ್ತಕದಲ್ಲಿ ಹುಡುಕಿದವರು ಅದನ್ನು ಸ್ಫೀರೋಫೋರಿಯಾ ಎಂದು ಬರೆದು ತೃಪ್ತರಾಗಿಬಿಡುತ್ತಾರೆ. ಎರಿಸ್ಟಾಲಿಸ್ ಟೆನಾಕ್ಸ್‌ನಂತೆ ಅಂಟಾರ್ಕ್ಟಿಕಾ ಬಿಟ್ಟು ಉಳಿದ ಖಂಡಗಳಲ್ಲೆಲ್ಲ ಹರಡಿರುವ ಪ್ರಭೇದಗಳು ಕೆಲವೇ.

ಪ್ರದೇಶ ಸರಿಯಾಗಿದ್ದೂ ದಾರಿ ತಪ್ಪಿದ್ದರೆ ಬಂದ ಹಾದಿಯಲ್ಲೇ ಹಿಂದಿರುಗಬೇಕು. ಇದಕ್ಕಾಗಿ ಪ್ರತಿ ಪ್ರಶ್ನೆಯ ಸಂಖ್ಯೆ ಮತ್ತು ಕೊಟ್ಟ ಉತ್ತರವನ್ನು ಬರೆದುಕೊಳ್ಳುತ್ತ ಹೋಗಿ, ಅನುಮಾನವಿದ್ದಲ್ಲಿ ಗುರುತು ಹಾಕಿರಿ. ಕೊನೆಯ ಹೆಸರು ಒಗ್ಗದಿದ್ದರೆ ಮೊದಲಿನಿಂದ ಆರಂಭಿಸುವ ಅಗತ್ಯವಿಲ್ಲ. ಗುರುತು ಹಾಕಿದ ಪ್ರಶ್ನೆಯಿಂದ ಇನ್ನೊಂದು ಕವಲು ಹಿಡಿದು ನೋಡಿ. ಎರಡು ಕವಲುಗಳೂ ಒಂದೇ ಕುಲದೊಳಗೆ ಮುಗಿದರೆ ಕುಲದ ಹೆಸರು ಗಟ್ಟಿ. ಎರಡು ದೂರದ ಕುಲಗಳಿಗೆ ಹೋದರೆ ಆ ಪ್ರಶ್ನೆಗೆ ಉತ್ತರಿಸಬಲ್ಲ ಚಿತ್ರವೇ ನಿಮ್ಮಲ್ಲಿಲ್ಲ ಎಂದರ್ಥ. ನಾಳದ ಒಂದು ತಿರುವು ಇಂಥ ಕಡೆ ಬಹಳ ನೆರವಾಗುತ್ತದೆ: ಎರಿಸ್ಟಾಲಿಸ್ ಮತ್ತು ಹೆಲೋಫಿಲಸ್ ಎರಡರಲ್ಲೂ ಒಂದು ಉದ್ದನಾಳ ಕೆಳಕ್ಕೆ ಆಳವಾಗಿ ಬಾಗುತ್ತದೆ, ಆದರೆ ಅದರ ಮೇಲಿನ ಕೋಶ ಎರಿಸ್ಟಾಲಿಸ್‌ನಲ್ಲಿ ರೆಕ್ಕೆಯ ಅಂಚಿಗೆ ಮುನ್ನವೇ ಮುಚ್ಚಿಕೊಂಡಿರುತ್ತದೆ, ಹೆಲೋಫಿಲಸ್‌ನಲ್ಲಿ ಅಂಚಿನವರೆಗೆ ತೆರೆದಿರುತ್ತದೆ. ಕಣ್ಣಿನ ಮೇಲೆ ಚುಕ್ಕೆಗಳೋ ಪಟ್ಟೆಗಳೋ ಇದ್ದರೆ ಎರಿಸ್ಟಾಲಿನಸ್ ಕಡೆಗೆ ಹೊರಳಬೇಕು.

ಲಕ್ಷಣ: ಆ್ಯಪ್ ಒಂದು ಹೆಸರು ಹೇಳುತ್ತದೆ, ತಿಳಿದವರು ಒಪ್ಪುವುದಿಲ್ಲ

ಐನ್ಯಾಚುರಲಿಸ್ಟ್‌ನಂಥ ನಿಸರ್ಗವೀಕ್ಷಣೆಯ ತಾಣಗಳ ಯಾಂತ್ರಿಕ ಸಲಹೆ, ಹಿಂದೆ ಜನ ಸೇರಿಸಿದ ಚಿತ್ರಗಳಿಂದ ಕಲಿತದ್ದು. ಚಿತ್ರ ಕಡಮೆಯಿರುವ ಪ್ರಭೇದ ಅದರ ಪಟ್ಟಿಯಲ್ಲೇ ಇಲ್ಲದಿರಬಹುದು. ಕುಲ ಊಹಿಸಲು ಅದನ್ನು ಬಳಸಿ, ಪ್ರಭೇದಕ್ಕೆ ಕೈಪಿಡಿಯ ಸಾಕ್ಷಿ ಹುಡುಕಿ. ಮತ್ತೊಬ್ಬರು "ಒಪ್ಪಿಗೆ" ಒತ್ತಿದ್ದಾರೆ ಎಂಬುದು ಸಾಕ್ಷಿಯಲ್ಲ. ಯಾವ ಗುಣ ನೋಡಿ ಒಪ್ಪಿದಿರೆಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ಲಕ್ಷಣ: ಎಲ್ಲವೂ ಸರಿಯಿದೆ, ಆದರೂ ಎರಡು ಹೆಸರುಗಳ ನಡುವೆ ತೀರ್ಮಾನವಾಗುವುದಿಲ್ಲ

ಇಲ್ಲಿ ನಿಲ್ಲುವುದೇ ಸರಿಯಾದ ಉತ್ತರವಾಗಿರಬಹುದು. ಸ್ಫೀರೋಫೋರಿಯಾ ಕುಲದಲ್ಲಿ ಪ್ರಭೇದಗಳನ್ನು ಬೇರ್ಪಡಿಸುವುದು ಗಂಡಿನ ಜನನಾಂಗದ ರಚನೆ; ಹೆಣ್ಣುಗಳಲ್ಲಿ ಬಹುಪಾಲು ಸೂಕ್ಷ್ಮದರ್ಶಕದ ಕೆಳಗೂ ಕುಲದಾಚೆಗೆ ಹೋಗುವುದಿಲ್ಲ. ಪುಟ್ಟ ಗಾತ್ರದ ಪ್ಯಾರಗಸ್ ಕುಲದಲ್ಲೂ ಗಂಡಿನ ಜನನಾಂಗವೇ ಆಧಾರ. ಹೆಚ್ಚುಕಡಮೆ ಪೂರ್ತಿ ಕಪ್ಪಾಗಿರುವ ಕೀಲೋಸಿಯಾ ಕುಲ ಪಳಗಿದವರನ್ನೂ ಸತಾಯಿಸುತ್ತದೆ. ಕುಲವನ್ನಷ್ಟೇ ಬರೆದ ದಾಖಲೆ ಅರೆಬೆಂದ ದಾಖಲೆಯೆಂದು ಹಲವರು ಭಾವಿಸುತ್ತಾರೆ. ತಪ್ಪು ಪ್ರಭೇದವೊಂದು, ಯಾವುದು ಎಲ್ಲೆಲ್ಲಿ ಸಿಗುತ್ತದೆಂದು ತೋರಿಸುವ ಹಂಚಿಕೆಯ ನಕ್ಷೆಯೊಳಗೆ ಸೇರಿಕೊಂಡರೆ ಅದನ್ನು ಹುಡುಕಿ ತೆಗೆಯುವ ಕಷ್ಟ ಬಲ್ಲವರು ಹಾಗೆ ಭಾವಿಸುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆಂದಿದ್ದರೆ ಕೀಟವನ್ನು ಕೊಲ್ಲದೆಯೂ ದಾರಿಯಿದೆ. ಬಲೆಯಿಂದ ಪಾರದರ್ಶಕ ಕೊಳವೆಗೆ ಇಳಿಸಿ, ತಂಪು ಪೆಟ್ಟಿಗೆಯಲ್ಲಿ ಕೆಲವು ನಿಮಿಷ ಇಟ್ಟರೆ ಅದು ಮಂಕಾಗುತ್ತದೆ. ಆಗ ಮುಖ, ಕಾಲು, ರೆಕ್ಕೆಯ ಚಿತ್ರ ತೆಗೆದು, ಹಿಡಿದ ಜಾಗದಲ್ಲೇ ಬಿಡಬಹುದು. ಫ್ರೀಜರಿನಲ್ಲಿ ಇಡಬಾರದು, ಬಿಸಿಲಿನಲ್ಲಿ ಕೊಳವೆಯನ್ನು ಮರೆಯಬಾರದು. ಮಾದರಿಯನ್ನು ಸಂಗ್ರಹಿಸಲೇಬೇಕಾದ ಸಂದರ್ಭ ಬಂದರೆ ಅದು ಅನುಭವಿಗಳ ಜೊತೆ ಕಲಿಯಬೇಕಾದ ಕೆಲಸ: ಸಂರಕ್ಷಿತ ಪ್ರದೇಶಗಳಲ್ಲಿ ಅನುಮತಿ ಬೇಕಾಗುತ್ತದೆ, ಕೀಟ ಕೊಲ್ಲಲು ಬಳಸುವ ಈಥೈಲ್ ಅಸಿಟೇಟ್ ಸುಲಭವಾಗಿ ಬೆಂಕಿ ಹತ್ತುವ ದ್ರವ, ಅದರ ಆವಿ ಮುಚ್ಚಿದ ಕೋಣೆಯಲ್ಲಿ ತಲೆಸುತ್ತು ತರಿಸುತ್ತದೆ.

ತಿಳಿದವರ ನೆರವು ಕೇಳುವಾಗ ಕತ್ತರಿಸದ, ತಿದ್ದದ ಮೂಲ ಚಿತ್ರಗಳನ್ನು ಎಲ್ಲ ಕೋನಗಳಿಂದ ಕಳುಹಿಸಿ. ಒಂದೇ ಕೀಟದ ಚಿತ್ರಗಳು ಯಾವುವೆಂದು ಸ್ಪಷ್ಟಪಡಿಸಿ. ಒಂದೇ ಹೂವಿನ ಮೇಲೆ ಒಂದು ಹೋಗಿ ಇನ್ನೊಂದು ಬಂದದ್ದು ಗಮನಕ್ಕೆ ಬಾರದೆ ಎರಡರ ಗುಣಗಳೂ ಒಂದೇ ದಾಖಲೆಯಲ್ಲಿ ಬೆರೆತುಹೋಗುವುದು ಅಪರೂಪವೇನಲ್ಲ. ತಾರೀಖು, ಸ್ಥಳ, ಅಂದಾಜು ಉದ್ದ, ಕೂತಿದ್ದ ಗಿಡ, ಬಳಸಿದ ಕೈಪಿಡಿ, ಅನುಮಾನ ಬಂದ ಪ್ರಶ್ನೆಯ ಸಂಖ್ಯೆ ಇವಿಷ್ಟನ್ನು ಜೊತೆಗೆ ಬರೆಯಿರಿ. "ಇದು ಯಾವುದು?" ಎಂದು ಕೇಳುವುದಕ್ಕಿಂತ "ಸಿರ್ಫಸ್ ಹೆಣ್ಣು ಎಂದುಕೊಂಡಿದ್ದೇನೆ, ಹಿಂದೊಡೆಯ ಬುಡ ನೆರಳಿನಲ್ಲಿರುವುದರಿಂದ ಮುಂದೆ ಹೋಗಲಾಗಲಿಲ್ಲ" ಎಂದು ಬರೆದರೆ ಉತ್ತರಿಸುವವರು ನೇರವಾಗಿ ಆ ತೊಡೆಯನ್ನೇ ನೋಡುತ್ತಾರೆ.